ಅಪ್ಪನ ಕಿವಿಯ ಹಿಂದಿನ ಬಿಲ್ಲೆ: ಇದು ವಿಜ್ಞಾನ ಕಥೆಯೋ, ಬರೀ ಕಥೆಯೋ?

ಪ್ರಶ್ನೆ: ನಾನು ಮಲೆನಾಡಿನವಳು, ಈಗ ಬೆಂಗಳೂರಿನಲ್ಲಿ ಕೆಲಸ. ಹತ್ತು ವರ್ಷದಿಂದ ಕಥೆ ಬರೆಯುತ್ತಿದ್ದೇನೆ. ಈಚೆಗೆ 4,200 ಪದಗಳ ಒಂದು ಕಥೆ ಬರೆದೆ. ತೀರ್ಥಹಳ್ಳಿ ಕಡೆಯ ನಿವೃತ್ತ ಕನ್ನಡ ಮೇಷ್ಟ್ರಿಗೆ ಮರೆವಿನ ಕಾಯಿಲೆ. ಮಗಳು ಕಿವಿಯ ಹಿಂದೆ ಅಂಟಿಸುವ ಒಂದು ಬಿಲ್ಲೆ ತಂದು ಹಾಕುತ್ತಾಳೆ. ಎದುರಿಗೆ ಬಂದವರು ಯಾರು, ಏನಾಗಬೇಕು, ಹಿಂದಿನ ಸಲ ಏನು ಮಾತಾಡಿದ್ದರು ಎಂಬುದನ್ನೆಲ್ಲ ಅದು ಮಗಳದೇ ದನಿಯಲ್ಲಿ ಪಿಸುಗುಡುತ್ತದೆ. ಕೊನೆಗೆ ಅಪ್ಪ ಆ ದನಿಯನ್ನೇ ಮಗಳೆಂದು ನಂಬಿ, ಎದುರು ಕೂತ ಮಗಳನ್ನು ‘ನೀವು ಯಾರ ಪೈಕಿ?’ ಎಂದು ಕೇಳುತ್ತಾರೆ. ಇದನ್ನು ಒಂದು ಸಾಹಿತ್ಯ ಪತ್ರಿಕೆಗೆ ಕಳಿಸಿದೆ. ‘ಭಾಷೆ ಚೆನ್ನಾಗಿದೆ, ಆದರೆ ವೈಜ್ಞಾನಿಕ ಕಥೆಗಳನ್ನು ನಾವು ಹಾಕುವುದಿಲ್ಲ’ ಎಂದರು. ವಿಜ್ಞಾನ ಕಥೆಗಳ ಸಂಕಲನವೊಂದಕ್ಕೆ ಕಳಿಸಿದೆ. ‘ಇದರಲ್ಲಿ ವಿಜ್ಞಾನ ಎಲ್ಲಿದೆ? ಇದು ಕೌಟುಂಬಿಕ ಕಥೆ’ ಎಂದರು. ಬಿಲ್ಲೆಯನ್ನು ತೆಗೆದುಬಿಡಲೇ, ಇಲ್ಲ ಇನ್ನಷ್ಟು ವಿಜ್ಞಾನ ಸೇರಿಸಲೇ? ಒಮ್ಮೆ ವಿಜ್ಞಾನ ಕಥೆಗಾರ್ತಿ ಎಂಬ ಮುದ್ರೆ ಬಿದ್ದರೆ ನನ್ನ ಉಳಿದ ಕಥೆಗಳನ್ನು ಯಾರಾದರೂ ಓದುತ್ತಾರೆಯೇ? ಕಥೆಯನ್ನು ಲಗತ್ತಿಸಿದ್ದೇನೆ.

ಉತ್ತರ: ಒಂದೇ ಕಥೆ ಎರಡು ಕಡೆಯಿಂದ ವಾಪಸು ಬಂತು, ಅದೂ ಒಂದಕ್ಕೊಂದು ತದ್ವಿರುದ್ಧ ಕಾರಣಕ್ಕೆ. ಹೀಗಾದಾಗ ಇಬ್ಬರಲ್ಲಿ ಒಬ್ಬರಾದರೂ ಸರಿಯಾಗಿ ಓದಿಲ್ಲ ಅನ್ನಿಸುವುದು ಸಹಜ. ನಿಮ್ಮ ಕಥೆಯ ಮಟ್ಟಿಗೆ ಇಬ್ಬರೂ ಸರಿಯಾಗಿಯೇ ಓದಿದ್ದಾರೆ, ಇಬ್ಬರೂ ಬೆರಳಿಟ್ಟಿರುವುದು ಒಂದೇ ಗಾಯದ ಮೇಲೆ. ನಿಮ್ಮ ಮೊದಲ 600 ಪದ ಪೂರ್ತಿ ಬಿಲ್ಲೆಯ ವರ್ಣನೆ: ಇಸವಿ 2061, ನ್ಯಾನೊ ಚಿಪ್ಪು, ನರತಂತುಗಳ ಜೊತೆ ಅದರ ಸಂಪರ್ಕ, ತಯಾರಿಸಿದ ಕಂಪನಿಯ ಇತಿಹಾಸ. ಈ ಯಂತ್ರ ಲೋಕವನ್ನು ಹೇಗೆ ಬದಲಿಸಿತು ಎಂದು ಹೇಳುತ್ತೇನೆ, ಕೇಳು ಎಂದು ಓದುಗನಿಗೆ ಮಾತು ಕೊಟ್ಟ ಹಾಗಾಯಿತು. ಉಳಿದ 3,600 ಪದಗಳಲ್ಲಿ ಇರುವುದು ಅಪ್ಪ ಮತ್ತು ಮಗಳು ಮಾತ್ರ. ಸಾಹಿತ್ಯ ಪತ್ರಿಕೆಯವರು ಎರಡನೇ ಪುಟದಲ್ಲೇ ‘ಇದು ನಮ್ಮದಲ್ಲ’ ಎಂದು ಬದಿಗಿಟ್ಟಿರಬೇಕು. ಸಂಕಲನದವರು ಕೊನೆಯವರೆಗೂ ಓದಿ, ಕೊಟ್ಟ ಮಾತು ಎಲ್ಲಿ ಹೋಯಿತು ಎಂದು ಹುಡುಕಿರಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಆಚೆಗಿಡೋಣ. ಯಂತ್ರ, ಆಕಾಶ, ಭವಿಷ್ಯ ಇದ್ದರೆ ವಿಜ್ಞಾನ ಕಥೆ, ಮನುಷ್ಯರು, ಮನೆ, ದುಃಖ ಇದ್ದರೆ ಸಾಹಿತ್ಯ ಎಂಬ ವಿಂಗಡಣೆ ಯಾವ ಕಾಲದಲ್ಲೂ ನಿಂತಿಲ್ಲ. 2024ರ ಬೂಕರ್ ಪಡೆದ ಸಮಾಂತಾ ಹಾರ್ವೆಯ ‘ಆರ್ಬಿಟಲ್’ ನಡೆಯುವುದು ಬಾಹ್ಯಾಕಾಶ ನಿಲ್ದಾಣದಲ್ಲಿ. ಆರು ಗಗನಯಾತ್ರಿಗಳು, ಒಂದು ದಿನ, ಭೂಮಿಗೆ ಹದಿನಾರು ಸುತ್ತು. ಆದರೂ ಅಲ್ಲಿ ಇವತ್ತು ಇಲ್ಲದ ವಸ್ತು ಅನ್ನುವಂಥದ್ದು ಕಥೆಯನ್ನು ನಡೆಸುವುದಿಲ್ಲ. ಇತ್ತ ನಮ್ಮ ಕಾರಂತರ ಮೂಕಜ್ಜಿಯನ್ನು ನೋಡಿ. ಒಂದು ವಸ್ತುವನ್ನು ಅಂಗೈಯಲ್ಲಿ ಹಿಡಿದರೆ ಸಾಕು, ಅದರ ಪೂರ್ವಾಪರವೆಲ್ಲ ಅವಳಿಗೆ ಕಾಣುತ್ತದೆ. 1968ರ ಆ ಕಾದಂಬರಿಯನ್ನು ಅದ್ಭುತ ಕಥೆಗಳ ಕಪಾಟಿಗೆ ಹಾಕಿದವರು ಯಾರೂ ಇಲ್ಲ. 1977ರಲ್ಲಿ ಅದಕ್ಕೆ ಜ್ಞಾನಪೀಠ ಬಂತು. ಅಜ್ಜಿಗೆ ಆ ಶಕ್ತಿ ಹೇಗೆ ಬಂತು ಎಂದು ಕಾರಂತರು ವಿವರಿಸಲು ಹೋಗಲಿಲ್ಲ, ಓದುಗರೂ ಕೇಳಲಿಲ್ಲ. ಯಾಕೆಂದರೆ ಕಾದಂಬರಿ ನಮ್ಮ ಕೈಗೆ ಕೊಡುವ ಪ್ರಶ್ನೆ ಅದಲ್ಲ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ವಿಜ್ಞಾನಿ ಇದ್ದಾನೆ, ಜೀವವಿಕಾಸ ಇದೆ, ಹಾರುವ ಓತಿಯ ಹುಡುಕಾಟ ಇದೆ, ವಿಜ್ಞಾನವೇ ಕಥೆಯ ಬೆನ್ನುಮೂಳೆ. ಆದರೂ ಅದನ್ನು ವಿಜ್ಞಾನ ಕಥೆ ಎಂದು ಕರೆಯುವಾಗ ನಾಲಿಗೆ ತಡವರಿಸುತ್ತದೆ.

ಹಾಗಾದರೆ ಗೆರೆ ಎಳೆದವರು ಯಾರು? ಬಹಳ ಮಟ್ಟಿಗೆ ಮಾರುವವರು. 1926ರ ಏಪ್ರಿಲ್‌ನಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಅಮೆರಿಕದಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಶುರುಮಾಡಿದ. ರೋಚಕ ಕಥೆಯ ಒಳಗೆ ವಿಜ್ಞಾನದ ಸತ್ಯವನ್ನೂ ನಾಳೆಯ ಮುನ್ನೋಟವನ್ನೂ ಬೆರೆಸಬೇಕು ಎನ್ನುವುದು ಅವನ ಪಾಕ. ಮೊದಲ ಸಂಚಿಕೆಯಲ್ಲೇ ವೆಲ್ಸ್, ವರ್ನ್, ಪೋ ಇವರ ಹಳೆಯ ಕಥೆಗಳನ್ನು ಮರುಮುದ್ರಿಸಿದ. ಅದಕ್ಕೂ ಮೂವತ್ತು ವರ್ಷ ಹಿಂದೆ, 1895ರಲ್ಲಿ, ವೆಲ್ಸ್‌ನ ಕಾಲಯಂತ್ರದ ಕಾದಂಬರಿ ಬಂದಾಗ ಇಂಥದ್ದೊಂದು ಪ್ರತ್ಯೇಕ ಕಪಾಟೇ ಇರಲಿಲ್ಲ. ಅಗ್ಗದ ಕಾಗದ, ಬಣ್ಣದ ಮುಖಪುಟ, ತಿಂಗಳ ಪತ್ರಿಕೆ ಸೇರಿ ಕಪಾಟು ಮಾಡಿದವು. ಕಪಾಟಿನ ಜೊತೆಗೆ ಅವಮಾನವೂ ಬಂತು.

ನಿಮ್ಮ ‘ಮುದ್ರೆ’ಯ ಭಯ ಅಲ್ಲಿಂದ ಹುಟ್ಟಿದ್ದು, ಮತ್ತು ಅದು ಸುಳ್ಳಲ್ಲ. ಅಮೆರಿಕದ ಕಾದಂಬರಿಕಾರ ಕರ್ಟ್ ವಾನೆಗಟ್ 1965ರಲ್ಲೇ ತನ್ನನ್ನು ಈ ಖಾನೆಗೆ ತುರುಕಿದ್ದರ ಬಗ್ಗೆ ದೂರಿದ್ದ. ಮಾರ್ಗರೆಟ್ ಆಟ್‌ವುಡ್ 1985ರಲ್ಲಿ ಬರೆದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ಗೆ 1987ರಲ್ಲಿ ಮೊದಲ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಬಂತು. ವಿಜ್ಞಾನ ಕಥೆಗಳಿಗೆಂದೇ ಇರುವ ಪ್ರಶಸ್ತಿ ಅದು. ಆಟ್‌ವುಡ್ ಮಾತ್ರ ತಾನು ಬರೆಯುವುದು ನಿಜವಾಗಿ ನಡೆಯಬಹುದಾದ ಸಂಗತಿಗಳನ್ನು, ಹಾಗಾಗಿ ಅದು ವಿಜ್ಞಾನ ಕಥೆಯಲ್ಲ ಎಂದು ವಾದಿಸುತ್ತ ಬಂದರು. 2009ರಲ್ಲಿ ವಿಜ್ಞಾನ ಕಥೆಗಾರ್ತಿ ಅರ್ಸುಲಾ ಲೆ ಗ್ವಿನ್, ಆಟ್‌ವುಡ್ ಅವರ ಇನ್ನೊಂದು ಕಾದಂಬರಿಯನ್ನು ವಿಮರ್ಶಿಸುತ್ತ, ಈ ವಾದ ಕೀಳೆನಿಸಿದ ಕೇರಿಯಿಂದ ತಪ್ಪಿಸಿಕೊಳ್ಳುವ ಉಪಾಯ ಎಂಬರ್ಥದ ಮಾತಾಡಿದರು. ನನ್ನ ಓಟು ಲೆ ಗ್ವಿನ್‌ಗೆ. ಇನ್ನು ಕಝುವೊ ಇಶಿಗುರೊನ ‘ನೆವರ್ ಲೆಟ್ ಮಿ ಗೋ’ 2005ರ ಬೂಕರ್ ಅಂತಿಮ ಪಟ್ಟಿಯಲ್ಲೂ ಇತ್ತು, ಮರುವರ್ಷ ಕ್ಲಾರ್ಕ್ ಪಟ್ಟಿಯಲ್ಲೂ ಇತ್ತು. ಅಮಿತಾವ್ ಘೋಷ್ ಅವರ ‘ದಿ ಕಲ್ಕತ್ತಾ ಕ್ರೋಮೋಸೋಮ್’ 1997ರಲ್ಲಿ ಕ್ಲಾರ್ಕ್ ಪ್ರಶಸ್ತಿಯನ್ನೇ ಪಡೆಯಿತು. ಅದರಿಂದ ಅವರ ಮುಂದಿನ ಕಾದಂಬರಿಗಳಿಗೆ ಓದುಗರೇನೂ ಕಡಿಮೆಯಾಗಲಿಲ್ಲ.

ಕನ್ನಡದಲ್ಲಿ ಸಮಸ್ಯೆಯ ಬೇರು ಬೇರೆ ಕಡೆ ಇದೆ, ನಿಮಗೆ ಬಂದ ‘ವಿಜ್ಞಾನ ಎಲ್ಲಿದೆ?’ ಎಂಬ ಪ್ರಶ್ನೆಯೂ ಅದೇ ಬೇರಿನದು. ಭಾರತೀಯ ಭಾಷೆಗಳಿಗೆ ಈ ಪ್ರಕಾರ ಬಹುಪಾಲು ಬಂದದ್ದು ವಿಜ್ಞಾನ ಪ್ರಸಾರದ ದಾರಿಯಲ್ಲಿ, ಮಕ್ಕಳ ಪತ್ರಿಕೆಗಳ ದಾರಿಯಲ್ಲಿ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮರಾಠಿಯಲ್ಲಿ ಕಥೆ ಬರೆಯಲು ಶುರುಮಾಡಿದ್ದು 1974ರಲ್ಲಿ, ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ, ಹೆಸರು ಮರೆಸಿಕೊಂಡು. ಸತ್ಯಜಿತ್ ರಾಯ್ ಅವರ ಪ್ರೊಫೆಸರ್ ಶೊಂಕು ಎಂಬ ವಿಜ್ಞಾನಿ ಪಾತ್ರ 1961ರಲ್ಲಿ ಹುಟ್ಟಿದ್ದು ‘ಸಂದೇಶ’ ಎಂಬ ಮಕ್ಕಳ ಪತ್ರಿಕೆಯಲ್ಲಿ. (ಜಗದೀಶಚಂದ್ರ ಬೋಸರದು ಇನ್ನೂ ಸೊಗಸು: 1896ರಲ್ಲಿ ತಲೆಗೆ ಹಚ್ಚುವ ಎಣ್ಣೆಯ ಕಂಪನಿಯೊಂದರ ಸ್ಪರ್ಧೆಗೆ ಬರೆದ ಕಥೆಯಲ್ಲಿ, ಸಮುದ್ರಕ್ಕೆ ಎಣ್ಣೆ ಸುರಿದು ಚಂಡಮಾರುತವನ್ನು ತಣ್ಣಗೆ ಮಾಡಿದ್ದರು.) ಈ ದಾರಿಯ ಗುಣವೂ ದೋಷವೂ ಒಂದೇ. ಕಥೆ ಓದಿದ ಮೇಲೆ ಓದುಗ ಒಂದಿಷ್ಟು ವಿಜ್ಞಾನ ಕಲಿತಿರಬೇಕು ಎಂಬ ನಿರೀಕ್ಷೆ ನಮ್ಮಲ್ಲಿ ಉಳಿದುಕೊಂಡಿದೆ. ನಿಮ್ಮ ಮೊದಲ 600 ಪದ ಆ ನಿರೀಕ್ಷೆಗೆ ಹೆದರಿ ಬರೆದದ್ದು, ಓದಿದರೆ ಗೊತ್ತಾಗುತ್ತದೆ. ಹೆಸರಾದ ಕಾದಂಬರಿಕಾರರಿಗೆ ಈ ತೊಂದರೆ ಇಲ್ಲ. ಭೈರಪ್ಪನವರ ‘ಯಾನ’ 2014ರಲ್ಲಿ ಬಂತು, ಸೌರವ್ಯೂಹ ದಾಟಿ ಹೋಗುವ ನೌಕೆಯ ಕಥೆ. ಜನ ಕೊಂಡದ್ದು ಭೈರಪ್ಪನವರ ಹೊಸ ಕಾದಂಬರಿ ಎಂದು. ಕಪಾಟಿನ ಹೆಸರು ಎಷ್ಟು ಹುರುಳಿಲ್ಲದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಕಪಾಟು ಮಾರುವವರದಾದರೂ ಗೆರೆಯೇ ಇಲ್ಲ ಎಂದಲ್ಲ. ಗೆರೆ ಓದುವ ಬಗೆಯಲ್ಲಿದೆ. ಡಾರ್ಕೊ ಸೂವಿನ್ ಎಂಬ ವಿಮರ್ಶಕ 1979ರ ತನ್ನ ಪುಸ್ತಕದಲ್ಲಿ ‘ನೋವಂ’ ಎಂಬ ಮಾತನ್ನು ಬಳಸಿದ: ನಮ್ಮ ಲೋಕದಲ್ಲಿ ಇಲ್ಲದ, ಆದರೆ ತರ್ಕಕ್ಕೆ ಒಗ್ಗುವ ಒಂದು ಹೊಸ ವಸ್ತು. ವಿಜ್ಞಾನ ಕಥೆಯಲ್ಲಿ ಆ ಹೊಸ ವಸ್ತು ಮೂಲೆಯಲ್ಲಿ ಕೂರುವುದಿಲ್ಲ, ಇಡೀ ಕಥೆಯನ್ನು ಅದೇ ಆಳುತ್ತದೆ. ಇನ್ನೊಂದು ಕೀಲಿ ವಿಜ್ಞಾನ ಕಥೆಗಾರ ಸ್ಯಾಮ್ಯುಯೆಲ್ ಡಿಲೇನಿಯದು. ‘ಅವಳ ಲೋಕ ಸಿಡಿಯಿತು’ ಎಂಬ ವಾಕ್ಯವನ್ನು ಮಾಮೂಲಿ ಕಥೆಯ ಓದುಗ ದುಃಖದ ರೂಪಕ ಎಂದು ಓದುತ್ತಾನೆ, ವಿಜ್ಞಾನ ಕಥೆಯ ಓದುಗ ಒಂದು ಗ್ರಹವೇ ಸಿಡಿದಿರಬಹುದು ಎಂಬ ಸಾಧ್ಯತೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓದುತ್ತಾನೆ. ನಿಮ್ಮ ಕಥೆಯಲ್ಲೇ ನಾಲ್ಕನೇ ಪುಟದಲ್ಲಿ ‘ಅಪ್ಪನ ತಲೆಯೊಳಗೆ ನನ್ನ ದನಿ ಮಾತಾಡುತ್ತಲೇ ಇತ್ತು’ ಎಂದಿದೆ. ಇದು ಮಗಳ ಪಾಪಪ್ರಜ್ಞೆಯೋ, ಬಿಲ್ಲೆ ಅಕ್ಷರಶಃ ಮಾತಾಡುತ್ತಿದೆಯೋ? ಎರಡೂ ಆಗಬಹುದು, ಮತ್ತು ಅದು ನಿಮ್ಮ ಕಥೆಯ ಅತ್ಯುತ್ತಮ ವಾಕ್ಯ. ಆದರೆ ಓದುಗ ಎರಡನ್ನೂ ಹಿಡಿದುಕೊಳ್ಳಬೇಕಾದರೆ ಅದಕ್ಕೆ ಮೊದಲೇ ಅವನನ್ನು ಹದಮಾಡಿರಬೇಕು.

ಈಗ ನಿಮ್ಮ ಹಸ್ತಪ್ರತಿಗೆ ಬರೋಣ. ಮೊದಲ ಪರೀಕ್ಷೆ, ಬಿಲ್ಲೆ ತೆಗೆದು ಆ ಜಾಗದಲ್ಲಿ ಮನೆಗೆ ಬಂದ ಒಬ್ಬ ನರ್ಸನ್ನು ಇಟ್ಟು ನೋಡಿ. ಬಂದವರ ಹೆಸರನ್ನು ಆಕೆ ಮೇಷ್ಟ್ರ ಕಿವಿಯಲ್ಲಿ ಹೇಳುತ್ತಾಳೆ. ಮೂರನೇ ಎರಡು ಭಾಗ ಕಥೆ ಹಾಗೇ ನಡೆಯುತ್ತದೆ, ಒಂದು ಸಾಲೂ ಅಲುಗುವುದಿಲ್ಲ. ಸಂಕಲನದವರು ಹೇಳಿದ್ದು ಇದನ್ನೇ. ಕೊನೆಯ ಭಾಗಕ್ಕೆ ಬಂದಾಗ ಮಾತ್ರ ಕಟ್ಟಡ ಕುಸಿಯುತ್ತದೆ. ಅಪ್ಪ ನರ್ಸನ್ನೇ ಮಗಳೆಂದುಕೊಂಡರೆ ಅದು ಮಗಳು ಇನ್ನೊಬ್ಬರಿಗೆ ಸೋತ ಕಥೆ. ಅಂಥವು ನಮ್ಮಲ್ಲಿ ಬೇಕಾದಷ್ಟಿವೆ. ನಿಮ್ಮ ಕಥೆಯಲ್ಲಿ ಮಗಳು ಸೋಲುವುದು ತನ್ನದೇ ದನಿಗೆ. ಯಂತ್ರವಿಲ್ಲದೆ ಇದು ಆಗುವುದಿಲ್ಲ. ಹಾಗಾಗಿ ಬಿಲ್ಲೆ ತೆಗೆಯಲೇ ಎಂಬ ಪ್ರಶ್ನೆಗೆ ಉತ್ತರ: ಬೇಡ. ಆದರೆ ನಿಮ್ಮ ನೋವಂ ನರತಂತುವಿನ ಸಂಪರ್ಕವಲ್ಲ, ನ್ಯಾನೊ ಚಿಪ್ಪಲ್ಲ, ಮಗಳ ದನಿ. ಅದು ನಿಮ್ಮ ಕಥೆಯಲ್ಲಿ ಮೊದಲು ಬರುವುದು 1,900ನೇ ಪದದ ಹತ್ತಿರ, ಅದೂ ಅರ್ಧ ವಾಕ್ಯದಲ್ಲಿ. ಅದನ್ನು ಮೊದಲ ಪುಟಕ್ಕೆ ತನ್ನಿ.

ಎರಡನೆಯ ಪರೀಕ್ಷೆ ಪಕ್ಕದ ಮನೆಯದು. ಇಂಥ ಬಿಲ್ಲೆ ಊರಿಗೆ ಬಂದರೆ ಪಕ್ಕದ ಮನೆಯಲ್ಲಿ ಏನು ಬದಲಾಗುತ್ತದೆ? ದುಡ್ಡು ಕೊಟ್ಟವರು ಯಾರು, ಕೆಟ್ಟರೆ ರಿಪೇರಿ ಎಲ್ಲಿ? ನಿಮ್ಮ ಕಥೆಯಲ್ಲೇ ತಮ್ಮನೊಬ್ಬ ಅಡಿಕೆ ತೋಟದ ದಾನಪತ್ರಕ್ಕೆ ಅಪ್ಪನ ಸಹಿ ಹಾಕಿಸಿಕೊಳ್ಳಲು ಓಡಾಡುತ್ತಾನೆ, ಆಮೇಲೆ ಆ ಎಳೆ ಕಾಣೆಯಾಗುತ್ತದೆ. ಚಿನ್ನದಂಥ ಜಾಗ ಅದು. 1872ರ ಕರಾರು ಕಾಯಿದೆಯ 12ನೇ ಕಲಮಿನ ಪ್ರಕಾರ, ಕರಾರು ಮಾಡುವ ಹೊತ್ತಿಗೆ ಅದನ್ನು ಅರ್ಥಮಾಡಿಕೊಂಡು ತನ್ನ ಹಿತಕ್ಕೆ ಏನಾಗುತ್ತದೆ ಎಂದು ತೂಗಿ ನೋಡುವ ಶಕ್ತಿ ಇದ್ದವನಿಗೆ ಸ್ವಸ್ಥ ಚಿತ್ತ ಇದೆ. ಸಾಮಾನ್ಯವಾಗಿ ಸ್ವಸ್ಥ ಚಿತ್ತ ಇಲ್ಲದಿದ್ದು ಆಗಾಗ ಅದು ಮರಳುವವನು, ಮರಳಿದ ಹೊತ್ತಿನಲ್ಲಿ ಕರಾರು ಮಾಡಬಹುದು ಎಂದೂ ಅಲ್ಲಿದೆ. ಹಾಗಾದರೆ ಬಿಲ್ಲೆ ಹಾಕಿಕೊಂಡ ಮೇಷ್ಟ್ರು ಸಬ್‌ರಿಜಿಸ್ಟ್ರಾರ್ ಎದುರು ಮಗನ ಹೆಸರು, ತೋಟದ ಸರ್ವೆ ನಂಬರು ಎಲ್ಲ ತಪ್ಪಿಲ್ಲದೆ ಹೇಳಿದರೆ, ಹೇಳಿದವರು ಯಾರು? ಕಿವಿಯಲ್ಲಿ ನುಡಿದ ದನಿ ಮಗಳದು. ಸಹಿ ಬಿದ್ದರೆ ತೋಟ ಹೋಗುವುದು ಅವಳ ಕೈಯಿಂದ. ಸಂಕಲನದವರು ಕೇಳಿದ ‘ವಿಜ್ಞಾನ’ ಇರಬೇಕಾದದ್ದು ಇಲ್ಲಿ. ಚಿಪ್ಪಿನ ವಿವರ ಹತ್ತು ಪುಟ ಕೊಟ್ಟರೂ ಈ ಒಂದು ದೃಶ್ಯದ ಕೆಲಸ ಆಗುವುದಿಲ್ಲ.

ವಿವರಣೆ ಎಷ್ಟಿರಬೇಕು? ಸಣ್ಣ ಕಥೆಯಲ್ಲಿ ಒಂದೇ ಉಸಿರಿಗೆ 100 ಪದ ಮೀರಿದ ಯಂತ್ರವರ್ಣನೆ ಬಂದರೆ ಕಥೆ ನಿಂತಿತೆಂದೇ ಲೆಕ್ಕ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದು ಓದುಗನಿಗೆ ಬೇಕಿಲ್ಲ. ಅದು ಏನು ಮಾಡುತ್ತದೆ, ಏನು ಮಾಡಲಾರದು, ಅದಕ್ಕೆ ತೆರಬೇಕಾದ್ದು ಏನು, ಈ ಮೂರು ಸಾಕು. ಅದರಲ್ಲೂ ಎರಡನೆಯದೇ ಕಥೆ ಹುಟ್ಟಿಸುವುದು. ಯೋಚಿಸಿ, ಕಿವಿಯ ಹಿಂದಿನ ಬಿಲ್ಲೆಗೆ ಕಣ್ಣಿಲ್ಲ. ಬಂದವರು ಬಾಯಿ ಬಿಟ್ಟಮೇಲಷ್ಟೇ ಅದಕ್ಕೆ ಗುರುತು ಸಿಕ್ಕೀತು. ಚಿಕ್ಕಮ್ಮ ಮಾತಾಡದೆ ಬಂದು ಕಾಲ ಹತ್ತಿರ ಕೂತರೆ? ನಿಮ್ಮ ಈಗಿನ ಕರಡಿನಲ್ಲಿ ಬಿಲ್ಲೆ ಎಲ್ಲರನ್ನೂ ಬಾಗಿಲಲ್ಲೇ ಗುರುತಿಸುತ್ತದೆ. ಹೇಗೆ ಎಂಬ ಪ್ರಶ್ನೆ ಏಳುತ್ತದೆ, ಜೊತೆಗೆ ಒಂದು ಒಳ್ಳೆಯ ದೃಶ್ಯವೂ ಕೈತಪ್ಪಿದೆ. ಇವತ್ತಿನ ಶ್ರವಣಸಾಧನಗಳನ್ನೇ ನೋಡಿ ಕಲಿಯಿರಿ. ಚಾರ್ಜ್ ಮಾಡುವಂಥವು ಬಂದಿವೆಯಾದರೂ ಅನೇಕವು ಇನ್ನೂ ಝಿಂಕ್-ಏರ್ ಬ್ಯಾಟರಿಯವೇ. ಮೇಲಿನ ಬಣ್ಣದ ಚೀಟಿ ಕಿತ್ತೊಡನೆ ಗಾಳಿ ಒಳಗೆ ಹೋಗಿ ಅದು ಜೀವ ಹಿಡಿಯುತ್ತದೆ. ಆಮೇಲೆ ಬಳಸಿದರೂ ಬಳಸದಿದ್ದರೂ ಸವೆಯುತ್ತಲೇ ಇರುತ್ತದೆ. ಸಾಧನಕ್ಕೆ ಆಗದ್ದು ಬೆವರು ಮತ್ತು ತೇವ. ಅದಕ್ಕೇ ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡುತ್ತಾರೆ. ತೀರ್ಥಹಳ್ಳಿಯ ಆಷಾಢದ ಮಳೆಯಲ್ಲಿ ನಿಮ್ಮ ಬಿಲ್ಲೆ ಒಂದು ದಿನವೂ ಕೈಕೊಡುವುದಿಲ್ಲ ಎಂದರೆ ಊರಿನವರು ಯಾರೂ ನಂಬುವುದಿಲ್ಲ.

ಕಾಯಿಲೆಯ ಬಗ್ಗೆ ಎರಡು ತಿದ್ದುಪಡಿ. ಆಲ್‌ಝೈಮರ್‌ನಲ್ಲಿ ಮೊದಲು ಪೆಟ್ಟು ತಿನ್ನುವ ಜಾಗಗಳಲ್ಲಿ ಮಿದುಳಿನ ಹಿಪೊಕ್ಯಾಂಪಸ್ ಒಂದು. ಹಾಗಾಗಿ ಹೋಗುವುದು ಹೊಸ ನೆನಪು, ಹಳೆಯದು ಬಹುಕಾಲ ಉಳಿಯುತ್ತದೆ. ನಿಮ್ಮ ಮೇಷ್ಟ್ರು ಮೊದಲ ವರ್ಷವೇ ಕುಮಾರವ್ಯಾಸನ ಪದ್ಯ ಮರೆತು, ಬೆಳಗಿನ ತಿಂಡಿ ನೆನಪಿಟ್ಟಿದ್ದಾರೆ. ತಿರುಗಿಸಿ. ಇನ್ನೊಂದು, ‘ಬಿಲ್ಲೆ ನೆನಪನ್ನು ವಾಪಸು ತುಂಬಿತು’ ಎಂದು ಮೂರು ಕಡೆ ಬರೆದಿದ್ದೀರಿ. ನೆನಪು ಪೆನ್‌ಡ್ರೈವ್‌ನ ಫೈಲಲ್ಲ, ಪ್ರತಿ ಸಲ ನೆನೆದಾಗಲೂ ಮಿದುಳು ಅದನ್ನು ಹೊಸದಾಗಿ ಕಟ್ಟುತ್ತದೆ. ನಿಮ್ಮ ಬಿಲ್ಲೆ ತುಂಬುತ್ತಿರುವುದು ಮಾಹಿತಿ. ಈ ವ್ಯತ್ಯಾಸ ನಿಮಗೆ ಅನುಕೂಲವೇ. ಅಪ್ಪನಿಗೆ ಮಗಳ ಬಗ್ಗೆ ಎಲ್ಲ ಗೊತ್ತಿದ್ದೂ ಮಗಳು ಮಾತ್ರ ಗೊತ್ತಿಲ್ಲದಿರುವುದು ಸಾಧ್ಯವಾಗುವುದು ಅದರಿಂದಲೇ.

ಶಬ್ದಗಳ ವಿಷಯ. ‘ಸ್ಮೃತಿಸಂವರ್ಧಕ ಯಂತ್ರ’ ಎಂದು ಹನ್ನೊಂದು ಸಲ ಬಂದಿದೆ. ಟಿವಿಯನ್ನು ಟಿವಿ ಎಂದೂ, ಬಿ.ಪಿ. ನೋಡುವುದನ್ನು ‘ಮಿಷನ್ನು’ ಎಂದೂ ಕರೆಯುವ ಮನೆಯಲ್ಲಿ ಈ ಹೆಸರು ಒಂದು ದಿನ ಬದುಕದು. ಡಾಕ್ಟರ ಬಾಯಲ್ಲಿ ಒಂದು ಸಲ ಕಂಪನಿಯ ಹೆಸರು ಬರಲಿ. ಆಮೇಲೆ ಅದು ‘ಅಪ್ಪನ ಬಿಲ್ಲೆ’. ಮೇಷ್ಟ್ರೇ ಅದಕ್ಕೊಂದು ಹೆಸರಿಡಬಹುದು, ಕನ್ನಡ ಪಂಡಿತರಲ್ಲವೇ? 2061 ಎಂಬ ಇಸವಿಯೂ ಬೇಡ. ನಿಮ್ಮ ಊರಿನಲ್ಲಿ ಕೆಂಪು ಬಸ್ಸು, ರೇಷನ್ ಕಾರ್ಡಿನ ಸಾಲು ಎಲ್ಲ ಇವತ್ತಿನವೇ. ಇಸವಿ ಹಾಕಿದೊಡನೆ ಓದುಗ ಲೆಕ್ಕ ಹಿಡಿಯಲು ಕೂರುತ್ತಾನೆ. ಅಮೆರಿಕದ ಹೈನ್‌ಲೈನ್ 1942ರ ಒಂದು ಕಾದಂಬರಿಯಲ್ಲಿ ಬಾಗಿಲು ‘ತೆರೆಯಿತು’ ಎನ್ನದೆ, ಕಣ್ಣಿನ ಪಾಪೆಯ ಹಾಗೆ ಹಿಗ್ಗಿತು ಎಂದು ಬರೆದು ಮುಂದೆ ಹೋದ. ವಿವರಣೆ ಇಲ್ಲ, ಒಂದು ಕ್ರಿಯಾಪದ ಅಷ್ಟೇ. ನಿಮ್ಮಲ್ಲಿ ಅದು ಹೀಗಿರಬಹುದು: ‘ಸ್ನಾನಕ್ಕೆ ಮೊದಲು ಅಪ್ಪನ ಕಿವಿಯ ಹಿಂದಿನ ಬಿಲ್ಲೆ ಕಿತ್ತು ಅಕ್ಕಿಡಬ್ಬಿಯಲ್ಲಿ ಹೂತಿಟ್ಟೆ, ಅಲ್ಲಿಂದಲೂ ನನ್ನದೇ ದನಿ ಸಣ್ಣಗೆ ಕೇಳುತ್ತಿತ್ತು.’ 600 ಪದದ ಕೆಲಸ ಎರಡು ಸಾಲಿನಲ್ಲಿ ಆಯಿತು.

ನಿಮ್ಮ ಮುಂದಿರುವ ದಾರಿಗಳಲ್ಲಿ ಒಂದು, ಬಿಲ್ಲೆಯನ್ನು ವಿವರಿಸದೆ ಮನೆಯ ಸಾಮಾನಿನಂತೆ ಬಿಟ್ಟು ಅಪ್ಪ-ಮಗಳ ಕಥೆಯಾಗಿ ಹೇಳುವುದು. ‘ನೆವರ್ ಲೆಟ್ ಮಿ ಗೋ’ದಲ್ಲಿ ಇಶಿಗುರೊ ಮಾಡಿದ್ದು ಇದನ್ನೇ. ಅಂಗಾಂಗಕ್ಕಾಗಿ ಬೆಳೆಸಿದ ತದ್ರೂಪಿ ಮಕ್ಕಳ ಕಥೆ, ಆದರೆ ಅದರ ತಂತ್ರ ಹೇಗೆ ಎಂದು ಎಲ್ಲೂ ಬಿಡಿಸಿ ಹೇಳಲಿಲ್ಲ. ‘ದಾನ’ದಂಥ ಸಭ್ಯ ಪದಗಳಲ್ಲಿ ಸುತ್ತಿಟ್ಟ. ಇದರ ಅಪಾಯವೂ ಅವನಿಗೆ ಎದುರಾಯಿತು, ಆ ಮಕ್ಕಳು ಯಾಕೆ ಓಡಿಹೋಗುವುದಿಲ್ಲ ಎಂದು ಓದುಗರು ಇನ್ನೂ ಕೇಳುತ್ತಾರೆ. ನಿಮ್ಮನ್ನು ಕೇಳುವುದು, ‘ದನಿ ಬದಲಿಸಿದರೆ ಆಯಿತಲ್ಲ?’ ಎಂದು. ಅದಕ್ಕೆ ಕಥೆಯೊಳಗೆ ಒಂದು ಉತ್ತರ ಇರಲೇಬೇಕು. ಬೇರೆ ದನಿ ಹಾಕಿದ ದಿನ ಮೇಷ್ಟ್ರು ಮನೆಯಲ್ಲಿ ಯಾರೋ ಅಡಗಿದ್ದಾರೆ ಎಂದು ಕೋಲು ಹಿಡಿದು ಹುಡುಕಿದರು ಎಂದರೆ ಸಾಕು.

ಪೂರ್ತಿ ವಿಜ್ಞಾನ ಕಥೆ ಮಾಡುವುದಾದರೆ ನೋಂದಣಿ ಕಚೇರಿಯ ದೃಶ್ಯ, ಊರಿನ ಇನ್ನೆರಡು ಮನೆಗಳ ಬಿಲ್ಲೆಗಳು, ಕಂಪನಿ ಆ ಮಾತುಗಳನ್ನೆಲ್ಲ ಎಲ್ಲಿ ಕೂಡಿಡುತ್ತದೆ ಎಂಬುದು ಬರಬೇಕು. ಕಥೆ 7,000 ಪದ ದಾಟುತ್ತದೆ, ಸ್ಪರ್ಧೆಗಳ ಪದಮಿತಿಗೆ ಸಿಗುವುದಿಲ್ಲ. ಮೇಷ್ಟ್ರು ಮನುಷ್ಯನಾಗಿ ಉಳಿಯದೆ ಒಂದು ಉದಾಹರಣೆಯಾಗಿಬಿಡುವ ಅಪಾಯವೂ ಇದೆ. ಬಿಲ್ಲೆ ಇದೆಯೋ ಮಗಳ ಭ್ರಮೆಯೋ ಎಂದು ಕೊನೆಯವರೆಗೆ ತೂಗಾಡಿಸುವ ಇನ್ನೊಂದು ದಾರಿ ಇದೆ. ಅನುಮಾನ ಪಾತ್ರದ್ದಾಗಿದ್ದರೆ ಅದು ಗೆಲ್ಲುತ್ತದೆ, ಬರೆದವರದಾಗಿದ್ದರೆ ಮೊದಲ ಪುಟದಲ್ಲೇ ಬಯಲಾಗುತ್ತದೆ. ನಿಮ್ಮ ಕಥೆಗೆ ಇದು ಒಗ್ಗುವುದಿಲ್ಲ.

ನನ್ನ ಸಲಹೆ ಮೊದಲನೆಯ ದಾರಿ, ಎರಡನೆಯದರಿಂದ ನೋಂದಣಿ ಕಚೇರಿಯ ಒಂದು ದೃಶ್ಯ ಮಾತ್ರ ಎರವಲು. ಮೊದಲ 600 ಪದ 60ಕ್ಕೆ ಇಳಿಯಲಿ, ಉಳಿತಾಯವಾದ ಜಾಗದಲ್ಲಿ 500 ಪದದ ಕಚೇರಿ ದೃಶ್ಯ ಕೂರಲಿ. ಕಥೆಯ ಉದ್ದ ಹಾಗೇ ಇರುತ್ತದೆ. ‘ನೀವು ಯಾರ ಪೈಕಿ?’ ಆದಮೇಲೆ ತಂತ್ರಜ್ಞಾನ ಮತ್ತು ಮಾನವೀಯತೆಯ ಬಗ್ಗೆ ಇರುವ ಎಂಟು ಸಾಲು ಕಿತ್ತುಹಾಕಿ.

ಕಳಿಸುವಾಗ ಪತ್ರದಲ್ಲಿ ‘ಇದೊಂದು ವೈಜ್ಞಾನಿಕ ಕಥೆ’ ಎಂದು ನೀವೇ ಮುದ್ರೆ ಒತ್ತಬೇಡಿ. ಮರೆವಿಗೆ ಬಿದ್ದ ಅಪ್ಪ, ಅವರ ಕಿವಿಯಲ್ಲಿ ಮಗಳ ದನಿ ಎಂದು ಒಂದು ಸಾಲು ಬರೆದರೆ ಯಾವ ಸಂಪಾದಕರಿಗೂ ಸಾಕು. ತಿದ್ದಿದ ಪ್ರತಿಯನ್ನು ಅದೇ ಸಾಹಿತ್ಯ ಪತ್ರಿಕೆಗೆ ಮತ್ತೆ ಕಳಿಸಬಹುದು, ಆದರೆ ತುಂಬ ತಿದ್ದಿದ್ದೇನೆ ಎಂದು ಹೇಳಿಯೇ ಕಳಿಸಿ. ಅವರು ಇಲ್ಲ ಎಂದ ಮೇಲೆ ಮುಂದಿನ ಕಡೆಗೆ. ಒಂದೇ ಕಥೆ ಒಟ್ಟಿಗೆ ಎರಡು ಕಡೆ ಒಪ್ಪಿಗೆಯಾದರೆ ಆಗುವ ಮುಜುಗರ, ವಿಜ್ಞಾನ ಕಥೆಗಾರ್ತಿ ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡದು.